ಎಲೆಯ ಮೇಲಿನ ಕೊಲಂಬೊ

ಕಾಣಿಯೂರು,
೯-೮-೧೯೬೫

ಸೇವಂತಿಯ ಅಪ್ಪನಿಗೆ,

‘ಪೂಜ್ಯ ಪತಿಯವರ ಪಾದಗಳಿಗೆ’ ಎಂದು ಬರೆಯಲು ಕುಳಿತೆ, ಕೈ ಮುಂದೆ ಹೋಗಲಿಲ್ಲ. ನೀವು ಸತ್ತಿರೆಂದು ನನ್ನ ಕರಿಮಣಿ ಬಿಚ್ಚಿಸಿ ಎಂಟು ದಿನವಾಯಿತು. ಸತ್ತವರ ಕಾಗದಕ್ಕೆ ಉತ್ತರ ಬರೆಯುವುದು ಹೇಗೆಂದು ನಾನು ಕಲಿತ ಐದನೆಯ ಕ್ಲಾಸಿನಲ್ಲಿ ಹೇಳಿಕೊಟ್ಟಿರಲಿಲ್ಲ.

ನಿಮ್ಮ ಕಾಗದ ಗುರುವಾರ ಸಿಕ್ಕಿತು. ದೀಪಾವಳಿಗೆ ಊರಿಗೆ ಬರುತ್ತೇನೆ, ಇನ್ನು ಅಲ್ಲೇ ಇರುತ್ತೇನೆ ಎಂದು ಬರೆದಿದ್ದೀರಿ. ಮೇ ತಿಂಗಳಲ್ಲಿ ಊರಿಗೆ ಹೊರಟಿದ್ದ ಮೊಯ್ದೀನನ ಕೈಯಲ್ಲಿ ಕೊಟ್ಟ ಕಾಗದ ತಲುಪಿತೇ ಎಂದೂ ಕೇಳಿದ್ದೀರಿ. ಇಲ್ಲ, ತಲುಪಲಿಲ್ಲ. ತಲುಪಿದ್ದರೆ ಇಲ್ಲಿ ನಡೆದದ್ದು ಯಾವುದೂ ನಡೆಯುತ್ತಿರಲಿಲ್ಲ.

ಡಿಸೆಂಬರಿನಲ್ಲಿ ‘ಈ ವಾರದ ಹಡಗಿಗೆ ಹೊರಟೆ’ ಎಂದು ಬರೆದವರು ನೀವೇ. ಅದೇ ವಾರ, ಆ ಹಡಗು ಬಂದು ಸೇರುವ ಧನುಷ್ಕೋಟಿಯನ್ನು ಕಡಲು ನುಂಗಿತು. ಕೊಲಂಬೊದಲ್ಲಿ ನೀವು ಕೆಲಸಕ್ಕಿದ್ದ ಹೋಟೆಲಿಗೆ ನಾನು ಹಾಕಿದ ಎರಡು ಕಾಗದಗಳೂ ‘ಈ ವಿಳಾಸದಲ್ಲಿ ಇಲ್ಲ’ ಎಂದು ತಿರುಗಿ ಬಂದವು. ಮಾವ ದಿನಾ ಸಾಯಂಕಾಲ ಪುತ್ತೂರಿನ ಬಸ್ಸು ಬರುವ ಹೊತ್ತಿಗೆ ರಸ್ತೆಗೆ ಹೋಗಿ ನಿಲ್ಲುತ್ತಿದ್ದರು. ಬಸ್ಸು ಹೋದಮೇಲೂ ಸ್ವಲ್ಪ ಹೊತ್ತು ನಿಂತೇ ಬರುತ್ತಿದ್ದರು. ಬಿಸು ಹಬ್ಬ ಕಳೆದಮೇಲೆ ಜೋಯಿಸರಲ್ಲಿಗೆ ಹೋದರು. ಕವಡೆ ಇಟ್ಟು ನೋಡಿದ ಜೋಯಿಸರು, “ಮಗ ನೀರಿನಲ್ಲಿ ನಿಂತಿದ್ದಾನೆ ಗೌಡ್ರೆ, ಹಸಿದುಕೊಂಡು. ಈ ಆಟಿ ತಿಂಗಳಲ್ಲೇ ಹಿರಿಯರೊಟ್ಟಿಗೆ ಸೇರಿಸಿ ಎಲೆ ಹಾಕಿ ಬಡಿಸುದು ಒಳ್ಳೇದು” ಎಂದರಂತೆ.

ಅಂದಿನಿಂದ ಮಾವನಿಗೆ ಅನ್ನ ಇಳಿಯಲಿಲ್ಲ. ಮಗ ಹಸಿದಿರುವಾಗ ತಾನು ಹೇಗೆ ಉಣ್ಣುವುದೆಂದು ಗಂಜಿಯ ಬಟ್ಟಲನ್ನು ಹಾಗೇ ಸರಿಸಿಬಿಡುತ್ತಿದ್ದರು. ಆಟಿ ಬರುವಷ್ಟರಲ್ಲಿ ಎದೆಯ ಎಲುಬು ಎಣಿಸುವ ಹಾಗಾಗಿದ್ದರು. ಹೀಗೇ ಹೋದರೆ ಒಂದೇ ವರ್ಷದಲ್ಲಿ ಎರಡು ಎಲೆ ಹಾಕಬೇಕಾಗುತ್ತದೆಂದು ನಾನು ಹೆದರಿದ್ದೆ.

ನಮ್ಮಲ್ಲಿ ಸತ್ತವರಿಗೆ ಇಷ್ಟವಾದದ್ದನ್ನೇ ಬಡಿಸಬೇಕು ಎಂದು ನಿಮಗೆ ನಾನು ಹೇಳಬೇಕಾಗಿಲ್ಲ. ನಿಮ್ಮ ಅಮ್ಮನ ಎಲೆಗೆ ಹೊಗೆಸೊಪ್ಪಿನ ತುಂಡು ಇಟ್ಟದ್ದುಂಟೋ ಎಂದು ಮೂರು ಸಲ ಕೇಳುತ್ತಿದ್ದವರು ನೀವೇ. ಮಾವ ನನ್ನನ್ನು ಜಗಲಿಗೆ ಕರೆದು, “ಕೋಳಿ, ರೊಟ್ಟಿ ಎಲ್ಲರಿಗೂ ಉಂಟು. ಅವನಿಗೆ ಅಲ್ಲಿ ಎಂತ ಇಷ್ಟ ಇತ್ತು, ನೀನು ಹೇಳು ಮಗಳೇ. ನಾನು ಆ ಊರು ನೋಡಿದವನಲ್ಲ” ಎಂದರು.

ಹೇಳಿದೆ. ಮೂರು ವರ್ಷದ ಕೊಲಂಬೊವನ್ನು ಒಂದು ಮಧ್ಯಾಹ್ನದಲ್ಲಿ ಹೇಳಿ ಮುಗಿಸಿದೆ. ನಮ್ಮದು ದೊಡ್ಡ ಸುಖವೇನೂ ಅಲ್ಲವಲ್ಲ. ಹೋಟೆಲಿನ ಹಿಂದಿನ ಒಂದೇ ಕೋಣೆ, ಕಿಟಕಿ ತೆರೆದರೆ ಕಾಗೆಗಳು. ಆದರೂ ಹೇಳುತ್ತಾ ಹೋದ ಹಾಗೆ ನಿಲ್ಲಿಸಲಾಗಲಿಲ್ಲ. ನಿಮಗೆ ರಜೆಯಿದ್ದ ದಿನ ಕೆಲಸವಿಲ್ಲದಿದ್ದರೂ ಟ್ರಾಮು ಹತ್ತಿ, ಕೊನೆಯ ನಿಲ್ದಾಣದವರೆಗೆ ಹೋಗಿ, ಇಳಿಯದೆ ಅದರಲ್ಲೇ ತಿರುಗಿ ಬರುತ್ತಿದ್ದೆವು. ಸೇವಂತಿ ನಿಮ್ಮ ತೊಡೆಯ ಮೇಲೆ ಕುಳಿತು ಗಂಟೆಯ ಸದ್ದಿಗೆ ತಾನೂ ಟಣ್ ಟಣ್ ಎನ್ನುತ್ತಿದ್ದಳು. ಸಂಜೆ ನಾನು ಪೇಟೆಗೆ ಎಂದರೆ ನೀವು ಕಡಲಿಗೆ. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ. ಗೆಲ್ಲುತ್ತಿದ್ದದ್ದು ಯಾವಾಗಲೂ ನೀರೇ. ಗಾಲ್ ಫೇಸ್ ಬಯಲಿನ ಗಾಳಿಯಲ್ಲಿ ನಿಂತು, ನೆತ್ತಿಗೆ ಸಿಗಡಿ ಅಂಟಿಸಿದ ಆ ಬೇಳೆ ವಡೆಯನ್ನು ಬಿಸಿಬಿಸಿಯಾಗಿ ತಿಂದು, ನಾಲಗೆ ಸುಟ್ಟುಕೊಂಡು, ಮತ್ತೊಂದು ಕೊಳ್ಳುತ್ತಿದ್ದಿರಿ. ಬೆಳಿಗ್ಗೆ ಹಾಲಿಲ್ಲದ ಚಹಾ, ಜೊತೆಗೆ ಕಚ್ಚಲು ಒಂದು ತುಂಡು ಬೆಲ್ಲ. ಮಧ್ಯಾಹ್ನ ಹೊಂಬಣ್ಣದ ಬೊಂಡದ ಎಳನೀರು. ಹತ್ತಿರದ ಅಂಗಡಿಯ ರೇಡಿಯೋದಲ್ಲಿ ಹಾಡು ಬಂದರೆ, ಅರ್ಥವಾಗದಿದ್ದರೂ ತಾಳ ಹಾಕುತ್ತಿದ್ದಿರಿ. ನನ್ನ ಜೀವಮಾನದ ಸಂತೋಷ ಎಂದರೆ ಅಷ್ಟೇ. ಟ್ರಾಮು ನಿಲ್ಲಿಸಿದ ವರ್ಷವೇ ನೀವು ನಮ್ಮಿಬ್ಬರನ್ನು ಊರಿಗೆ ಕಳಿಸಿದಿರಿ.

ಮಾವ ಒಂದನ್ನೂ ಬಿಡಲಿಲ್ಲ. ಒಣ ಸಿಗಡಿಗೆ ಮಳೆಯಲ್ಲಿ ತಾವೇ ಪುತ್ತೂರಿಗೆ ಹೋದರು. ಬೊಂಡಕ್ಕಾಗಿ ಕೆಂದಾಳಿ ತೆಂಗು ಯಾರಲ್ಲಿ ಉಂಟೆಂದು ಸವಣೂರಿನವರೆಗೆ ವಿಚಾರಿಸಿದರು. ಆಟಿಯ ಹದಿನಾರರಂದು ಮುಸ್ಸಂಜೆಗೆ ಒಳಕೋಣೆಯಲ್ಲಿ ಹಿರಿಯರ ಎಲೆಗಳ ಸಾಲಿನ ಕೊನೆಗೆ ನಿಮ್ಮ ಎಲೆ ಹಾಕಿದೆವು. ಸೇವಂತಿ ತನ್ನ ಡಬ್ಬಿಯಲ್ಲಿ ಐದು ವರ್ಷ ಜೋಪಾನ ಮಾಡಿದ್ದ ಟ್ರಾಮಿನ ಟಿಕೇಟು ತಂದು ಎಲೆಯ ಪಕ್ಕ ಇಟ್ಟು, “ಅಪ್ಪ ಟ್ರಾಮಿನಲ್ಲೇ ಬರ್ಲಿ, ಹಡಗು ಬೇಡ” ಎಂದಳು. ಮಾವ ಆಚೆ ಮುಖ ಮಾಡಿದರು.

ಕೊನೆಗೆ ಚಹಾ ಇಟ್ಟು ಬಾಗಿಲು ಎಳೆದುಕೊಂಡು ಬಂದವಳು ನಾನು. ಸತ್ತವರು ಉಣ್ಣುವಷ್ಟು ಹೊತ್ತು ಎಲ್ಲರೂ ಹೊರಗೆ ಮಾತಿಲ್ಲದೆ ಕುಳಿತೆವು. ಆಮೇಲೆ ಮಾವ ಕೆಮ್ಮಿ, ಬಾಗಿಲು ತಟ್ಟಿ, ದೀಪ ಹಿಡಿದು ಒಳಗೆ ಹೋದರು. ನಿಮ್ಮ ಎಲೆಯ ವಡೆಯಲ್ಲಿ ಒಂದು ಮೂಲೆ ಮುರಿದಿತ್ತು. “ಬಂದಿದ್ದಾನೆ ಮಗಳೇ! ತಿಂದಿದ್ದಾನೆ ನೋಡು!” ಎಂದು ಮಗುವಿನ ಹಾಗೆ ಅತ್ತರು. ಆ ದಿನ ನಿಮ್ಮ ಎಲೆಯ ಪ್ರಸಾದದ ಜೊತೆ ಎರಡು ಸಲ ಅನ್ನ ಹಾಕಿಸಿಕೊಂಡರು. ಈಗ ಗಂಜಿ ಪೂರ್ತಿ ಕುಡಿಯುತ್ತಾರೆ, ಬಸ್ಸಿಗೆ ಹೋಗಿ ನಿಲ್ಲುವುದನ್ನು ಬಿಟ್ಟಿದ್ದಾರೆ.

ಇದಾಗಿ ನಾಲ್ಕನೆಯ ದಿನ ನಿಮ್ಮ ಕಾಗದ. ಪೋಸ್ಟಾಫೀಸಿಗೆ ನಾನೇ ಹೋಗಿದ್ದೆ, ಆದ್ದರಿಂದ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ.

ದೀಪಾವಳಿಗೆ ಬರಬೇಡಿ. ಬದುಕಿರುವ ಮಗನನ್ನು ಸತ್ತವರ ಸಾಲಿಗೆ ಸೇರಿಸಿ, ಆ ಎಲೆಯದ್ದನ್ನು ಉಂಡೆನೆಂದು ತಿಳಿದರೆ ಮಾವ ಮತ್ತೆ ಬಟ್ಟಲು ಸರಿಸುತ್ತಾರೆ. ಈ ಸಲ ಅವರನ್ನು ಉಳಿಸಿಕೊಳ್ಳಲು ನನ್ನಲ್ಲಿ ಏನೂ ಇಲ್ಲ. ಅವರಿರುವವರೆಗೆ ಈ ಮನೆಯಲ್ಲಿ ನಿಮಗೆ ವರ್ಷಕ್ಕೊಂದೇ ಎಲೆ, ಅದೂ ಬಾಗಿಲು ಮುಚ್ಚಿ. ಸೇವಂತಿ ಅಪ್ಪನಿಗಾಗಿ ಒಂದು ಸಲ ಅತ್ತಾಗಿದೆ.

ನಿಮ್ಮವಳು ಎಂದು ಬರೆಯಲಾಗದ,
ಶೀಲಾವತಿ

ವಿ.ಸೂ.: ಮೊಯ್ದೀನನನ್ನು ಕಂಡರೆ ಬೈಯಬೇಡಿ. ಅವನು ಆ ಕಾಗದವನ್ನು ಮೇ ತಿಂಗಳಲ್ಲೇ ಸವಣೂರಿನಲ್ಲಿ ನನ್ನ ಕೈಗೇ ಕೊಟ್ಟಿದ್ದ. “ಓದಿ ಬೇಜಾರ ಮಾಡ್ಬೇಡಿ ಅಕ್ಕ” ಎಂದು ತಲೆ ತಗ್ಗಿಸಿ ಹೋದ. ಅದನ್ನು ಇದರೊಳಗೆ ಇಟ್ಟಿದ್ದೇನೆ, ನಿಮ್ಮದು ನಿಮಗೇ ಇರಲಿ. ಹಡಗು ಹತ್ತಲಿಲ್ಲ, ಇಲ್ಲಿ ಬೇರೆ ಸಂಸಾರವಾಗಿದೆ, ಇನ್ನು ಬರುವುದಿಲ್ಲ, ಅಪ್ಪನಿಗೆ ನೀನೇ ಹೇಗಾದರೂ ಹೇಳು ಎಂದು ಬರೆದಿದ್ದೀರಿ. ಆ ಸಂಸಾರ ಈಗ ಏನಾಯಿತೆಂದು ನಾನು ಕೇಳುವುದಿಲ್ಲ. ಮಾವನಿಗೆ ಹೇಳಬೇಕೆಂದೇ ಆ ದಿನ ಜಗಲಿಗೆ ಹೋಗಿದ್ದೆ. “ಆಟಿಯಲ್ಲಿ ಅವನ ಹೊಟ್ಟೆ ತುಂಬಿದರೆ ನನಗೂ ಉಣ್ಲಿಕ್ಕೆ ಆದೀತು” ಎಂದರು ಮಾವ. ನಾನು ಬಾಯಿ ಮುಚ್ಚಿಕೊಂಡೆ. ಅದು ಅರ್ಧ ಕರುಣೆ, ಉಳಿದರ್ಧ ಸಿಟ್ಟು. ಕರಿಮಣಿಯನ್ನೂ ತಿಳಿದೇ ಬಿಚ್ಚಿಕೊಟ್ಟೆ. ಬಾಗಿಲು ಎಳೆಯುವ ಮೊದಲು ವಡೆ ಮುರಿದದ್ದೂ ನಾನೇ. ಆ ತುಂಡನ್ನು ಬಾಯಲ್ಲಿಟ್ಟುಕೊಂಡೇ ಹೊರಗೆ ಬಂದು ಮಾವನ ಪಕ್ಕ ಕುಳಿತೆ. ರುಚಿ ಸರಿಯಾಗಿ ಬಂದಿತ್ತು.