ಬುಗುರಿ ನಿಂತಿದ್ದ ಜಾಗ

ಮಗಳ ಮನೆ, ಆರನೆಯ ಮಹಡಿ
ತಾರೀಖು ೧೪, ಗುರುವಾರ ಮಧ್ಯಾಹ್ನ

ನನ್ನ ಇವಳಿಗೆ,

ನಗಬೇಡ. ಮದುವೆಯಾಗಿ ನಲವತ್ತೆರಡು ವರ್ಷವಾಯಿತು. "ಇವಳೇ" ಎಂದರೆ ನೀನು ಓಗೊಡುತ್ತೀಯ, "ರೀ" ಎಂದರೆ ನಾನು ತಿರುಗುತ್ತೇನೆ. ಅಷ್ಟರಲ್ಲೇ ನಮ್ಮ ಸಂಸಾರ ಸಾಗಿತು. ಈಗ ಕಾಗದದ ಮೇಲೆ ಹೊಸದಾಗಿ ಪ್ರಿಯೆ ಗಿಯೆ ಎಂದು ಬರೆದರೆ ಮುದುಕನಿಗೆ ಏನೋ ಆಗಿದೆ ಎಂದು ನೀನು ಮೊದಲ ಬಸ್ಸು ಹಿಡಿದು ಬಂದೀಯ. ನಿನ್ನ ಅಕ್ಕನ ಕಣ್ಣಿನ ಪಟ್ಟಿ ಬಿಚ್ಚಿದರಾ? ಕೆಂಪು ಇಳಿಯಿತೆ? ಹೊತ್ತು ಹೊತ್ತಿಗೆ ಔಷಧಿ ಬಿಡುತ್ತಿದ್ದೀಯ ಎಂದು ಗೊತ್ತು, ಆದರೆ ಅವರ ಆರೈಕೆಯಲ್ಲಿ ನಿನ್ನ ಬಿಪಿ ಮಾತ್ರೆ ಮರೆಯುತ್ತೀಯ ಎಂದೂ ಗೊತ್ತು. ಮರೆಯಬೇಡ. ಇಲ್ಲಿ ಎಲ್ಲರೂ ಕ್ಷೇಮ. ಎಲ್ಲರೂ ಕ್ಷೇಮ ಎಂದು ಮೊದಲೇ ಬರೆದುಬಿಡುತ್ತೇನೆ, ಮುಂದಿನದನ್ನು ಓದುವಾಗ ಅದು ನೆನಪಿರಲಿ.

ಫೋನಿನಲ್ಲಿ ಹೇಳದೆ ಕಾಗದ ಏಕೆ ಬರೆದರು ಎಂದು ಕೇಳುತ್ತೀಯ. ಅಲ್ಲಿ ನಿನ್ನ ಅಕ್ಕ ಸ್ಪೀಕರ್ ಹಾಕಿಸಿಕೊಂಡು ಕೇಳುತ್ತಾರೆ, ಇಲ್ಲಿ ಮಗಳು ಪಕ್ಕದಲ್ಲೇ ಕೂತಿರುತ್ತಾಳೆ. ನಾನು ಕೆಮ್ಮಿದರೂ ನಾಲ್ಕು ಜನ ವಿಚಾರಿಸುತ್ತಾರೆ. ಮಂಗಳವಾರ ನಡೆದದ್ದನ್ನು ಮಗಳು ಅವತ್ತೇ ನಿನಗೆ ಹೇಳಲು ಹೊರಟಿದ್ದಳು. "ಅಲ್ಲಿ ಗಾಬರಿಯಾಗ್ತಾಳೆ, ಸುಮ್ಮನಿರು" ಎಂದು ನಾನೇ ತಡೆದೆ. ನಿನ್ನ ಗಾಬರಿಯ ನೆಪ ಹೇಳಿದೆನೇ ಹೊರತು, ತಡೆದದ್ದು ನನ್ನ ನಾಚಿಕೆಯೇ.

ನಮ್ಮ ಮೊಮ್ಮಗಳು ಬುಗುರಿಯನ್ನು ಶಾಲೆಯಿಂದ ಕರೆತರುವ ವ್ಯಾನು ಮಂಗಳವಾರ ಮಧ್ಯಾಹ್ನ ನಡುರಸ್ತೆಯಲ್ಲಿ ಕೆಟ್ಟು ನಿಂತಿತು. ವ್ಯಾನಿನವನು ಮಗಳಿಗೆ ಫೋನು ಮಾಡಿದ, ಮಗಳು ಲ್ಯಾಬಿನಿಂದ ನನಗೆ ಮಾಡಿದಳು. ರಕ್ತದ ಮಾದರಿಗಳು ಸಾಲಾಗಿ ಕಾಯುತ್ತಿವೆ, ತಾನು ಏಳುವ ಹಾಗಿಲ್ಲ ಎಂದಳು. "ಅಪ್ಪಾ, ನಾನು ಇಲ್ಲಿಂದಲೇ ಟ್ಯಾಕ್ಸಿ ಬುಕ್ ಮಾಡ್ತೀನಿ. ಅದರಲ್ಲಿ ಹೋಗಿ, ಅದರಲ್ಲೇ ಅವಳನ್ನ ಕೂರಿಸ್ಕೊಂಡು ಬನ್ನಿ. ಬಸ್ಸು, ಟ್ರೈನು ಅಂತ ಹೋಗ್ಬೇಡಿ, ನಿಮಗಿದೆಲ್ಲ ಗೊತ್ತಾಗಲ್ಲ." ಅವಳು ಅಕ್ಕರೆಯಿಂದಲೇ ಹೇಳಿದಳು. ನನಗೆ ಮಾತ್ರ ಆ ಕೊನೆಯ ಮಾತು ಕಿವಿಯಲ್ಲಿ ಸೊಳ್ಳೆಯ ಹಾಗೆ ಕೂತಿತು. ಮೂವತ್ತೊಂದು ವರ್ಷ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವನಿಗೆ ಬಸ್ಸು ಗೊತ್ತಾಗುವುದಿಲ್ಲವೆ? ಟ್ಯಾಕ್ಸಿ ಬೇಡ ಎಂದೆ. "ನಾನು ನೋಡ್ಕೋತೀನಿ" ಎಂದು ಫೋನಿಟ್ಟೆ.

ಹೋಗುವಾಗಲೇ ನನ್ನ ಬಂಡವಾಳ ಬಯಲಾಯಿತು. ಇಲ್ಲಿಯ ಬಸ್ಸಿನಲ್ಲಿ ಕಂಡಕ್ಟರೇ ಇಲ್ಲ. ಹತ್ತುವ ಕಡೆ ಒಂದು ಡಬ್ಬಿ, ಅದಕ್ಕೆ ಕಾರ್ಡು ತೋರಿಸಬೇಕು. ಮಗಳು ಕೊಟ್ಟ ಕಾರ್ಡನ್ನು ನಾನು ತಿರುವಿ ಮುರುವಿ ತೋರಿಸುತ್ತಾ ನಿಂತರೆ ನನ್ನ ಹಿಂದೆ ಎಂಟು ಹತ್ತು ಜನ. ಡ್ರೈವರು ತಿರುಗಿಯೂ ನೋಡದೆ "ಯಜಮಾನ್ರೇ, ದಾರಿ ಬಿಡಿ" ಎಂದ. ಈ ಮಾತನ್ನು ನಾನು ಎಷ್ಟು ಜನ ಮುದುಕರಿಗೆ ಹೇಳಿದ್ದೇನೋ! ಸಾಲದ್ದಕ್ಕೆ ನಾನು ಹತ್ತಿದ್ದು ಅದೇ ನಂಬರಿನ ಬಸ್ಸಾದರೂ ಅದರ ಬಾಲಕ್ಕೊಂದು ಅಕ್ಷರವಿತ್ತಂತೆ. ಆ ಅಕ್ಷರದ ಬಸ್ಸು ಸೇತುವೆ ಹತ್ತಿ ಶಾಲೆಯ ಬೀದಿಯನ್ನು ಕೆಳಗೇ ಬಿಟ್ಟು ಹಾರಿಹೋಯಿತು. ಇಳಿದು, ಐದು ಜನ ತುಂಬಿದ್ದ ಆಟೋದಲ್ಲಿ ಆರನೆಯವನಾಗಿ ಅರ್ಧ ಒಳಗೆ ಅರ್ಧ ಹೊರಗೆ ಕೂತು ಶಾಲೆ ಮುಟ್ಟುವಾಗ ಗೇಟಿನ ಹತ್ತಿರ ಉಳಿದಿದ್ದದ್ದು ಬುಗುರಿ ಒಬ್ಬಳೇ. ಕಾವಲುಗಾರನ ಸುತ್ತ ಒಂಟಿಕಾಲಿನಲ್ಲಿ ಕುಂಟುತ್ತಾ ಅವನ ತಲೆ ತಿನ್ನುತ್ತಿದ್ದಳು. ಅವಳು ನಿಂತ ಕಡೆ ನಿಲ್ಲುವವಳಲ್ಲ, ನೀನಿಟ್ಟ ಹೆಸರೇ ಅದಕ್ಕೆ ಸಾಕ್ಷಿ.

ಅಲ್ಲಿಯಾದರೂ ನನಗೆ ಬುದ್ಧಿ ಬರಬೇಕಿತ್ತು. "ಅಜ್ಜ, ಟ್ಯಾಕ್ಸಿ ಎಲ್ಲಿ?" ಎಂದು ಕೇಳಿದಳು. "ಟ್ಯಾಕ್ಸಿ ಯಾಕೆ? ಟ್ರೈನಲ್ಲಿ ಹೋದ್ರೆ ಅರ್ಧ ಗಂಟೆ" ಎಂದು ದೊಡ್ಡ ಗಂಟಲಿನಲ್ಲಿ ಹೇಳಿ ಸ್ಟೇಷನ್ನಿಗೆ ಕರೆದುಕೊಂಡು ಹೋದೆ. ಒಂದು ಟ್ರೈನು ಹತ್ತಿ ದೊಡ್ಡ ಜಂಕ್ಷನ್ನಿನಲ್ಲಿ ಇಳಿದು ಇನ್ನೊಂದು ಹಿಡಿಯಬೇಕು. ಗೋಡೆಯ ಮೇಲಿನ ಬಣ್ಣಬಣ್ಣದ ಗೆರೆಗಳ ಎದುರು ನಾನು ಕನ್ನಡಕ ಒರೆಸಿಕೊಳ್ಳುವಷ್ಟರಲ್ಲಿ ಅವಳು ಬೆರಳಿಟ್ಟು ದಾರಿ ಹೇಳಿಬಿಟ್ಟಳು. ಎಂಟು ವರ್ಷದ ಮಗು! ಹೆಮ್ಮೆಪಡುವ ಬದಲು "ಅಜ್ಜಂಗೇ ದಾರಿ ಹೇಳ್ಕೊಡ್ತೀಯಾ?" ಎಂದು ಗದರಿದೆ. ಪಾಪ, ಬೆರಳು ಹಿಂತೆಗೆದಳು.

ಜಂಕ್ಷನ್ನಿನಲ್ಲಿ ಸಂಜೆಯ ಜನ ಶುರುವಾಗಿತ್ತು. ಟ್ರೈನು ಬಂತು, ಬಾಗಿಲು ತೆರೆಯಿತು, ಎಲ್ಲರೂ ನುಗ್ಗಿದರು. ಆ ನೂಕಿನಲ್ಲಿ ಕೈ ತಪ್ಪಿತು. ನಾನು ಒಳಗೆ, ಅವಳು ಹೊರಗೆ. ನಾನು ತಿರುಗುವಷ್ಟರಲ್ಲಿ ಬಾಗಿಲು ಮುಚ್ಚಿಕೊಂಡಿತು. ಗಾಜಿನ ಆಚೆ, ಬೆನ್ನಿಗೆ ಬ್ಯಾಗು ಹಾಕಿಕೊಂಡು ಅವಳು ನನ್ನನ್ನೇ ನೋಡುತ್ತಾ ನಿಂತಿದ್ದಳು. ಅಳಲಿಲ್ಲ, ಕೂಗಲಿಲ್ಲ. ನಾನು ಗಾಜು ಬಡಿದೆ, "ಹೋಲ್ಡಾನ್, ಹೋಲ್ಡಾನ್" ಎಂದು ಕಿರುಚಿದೆ. ಯಾರಿಗೆ ಕೇಳಬೇಕು? ಆ ಟ್ರೈನಿಗೆ ಹಗ್ಗವೂ ಇಲ್ಲ, ಗಂಟೆಯೂ ಇಲ್ಲ. ಕೊನೆಯ ಕಾಲು ಒಳಗೆ ಬರುವ ತನಕ ಒಂದು ದಿನವೂ "ರೈಟ್" ಎನ್ನದವನು ನಾನು, ನಿನಗೆ ಗೊತ್ತಲ್ಲ. ನನ್ನ ಮೊಮ್ಮಗಳನ್ನೇ ಬಿಟ್ಟು ಹೊರಟುಹೋದೆ.

ಮುಂದಿನ ಸ್ಟೇಷನ್ನಿನಲ್ಲಿ ಇಳಿದು ಮೆಟ್ಟಿಲು ಹತ್ತಿ ಇಳಿದು ಎದುರಿನ ಕಡೆಗೆ ಓಡಿದೆ. ಅಲ್ಲಿ ಬಂದು ನಿಂತ ಟ್ರೈನು ಹತ್ತಿಯೂಬಿಟ್ಟೆ. ಆ ಕಡೆಯಿಂದ ಎರಡು ದಿಕ್ಕಿಗೆ ಟ್ರೈನು ಹೋಗುತ್ತದೆಂದು ನನಗೇನು ಗೊತ್ತು? ಅದು ಜಂಕ್ಷನ್ನಿಗೆ ಹೋಗದೆ ಇನ್ನೆಲ್ಲಿಗೋ ತಿರುಗಿತು. ಅಕ್ಕಪಕ್ಕ ನೂರು ಜನರಿದ್ದರು. ಒಬ್ಬರನ್ನು ಕೇಳಿದ್ದರೆ ಸಾಕಿತ್ತು, ನಾಲಿಗೆ ಏಳಲಿಲ್ಲ. ಇನ್ನೊಂದನ್ನೂ ಹೇಳುತ್ತೇನೆ, ಬೈಯುವುದಾದರೆ ಬೈ. ಅಷ್ಟು ಹೊತ್ತೂ ಫೋನು ನನ್ನ ಜೇಬಿನಲ್ಲೇ ಇತ್ತು. ಮಗಳಿಗೆ ಮಾಡಲಿಲ್ಲ. ಅವಳು ಕೇಳುವ ಮೊದಲು ಮಗುವನ್ನು ಹುಡುಕಿಬಿಟ್ಟರೆ ಯಾರಿಗೂ ಗೊತ್ತಾಗುವುದಿಲ್ಲ ಎಂದು ಲೆಕ್ಕ ಹಾಕುತ್ತಿದ್ದೆ. ಮಗು ಅಲ್ಲಿ ಒಂಟಿಯಾಗಿ ನಿಂತಿದೆ, ಅಜ್ಜ ಇಲ್ಲಿ ಮಾನದ ಲೆಕ್ಕ ಹಾಕುತ್ತಿದ್ದಾನೆ.

ಕೊನೆಗೆ ಯಾವುದೋ ಸ್ಟೇಷನ್ನಿನಲ್ಲಿ ಇಳಿದು ಕಂಬಕ್ಕೆ ಒರಗಿ ನಿಂತಿದ್ದಾಗ ನೆಲ ಒರೆಸುತ್ತಿದ್ದ ಹೆಂಗಸೊಬ್ಬಳು ಕೋಲು ಪಕ್ಕಕ್ಕಿಟ್ಟು, "ಏನಾಯ್ತಪ್ಪಾ, ತಲೆ ಸುತ್ತುತ್ತಾ?" ಎಂದಳು. ಆ "ಅಪ್ಪಾ" ಕೇಳಿದ್ದೇ ತಡ ನಾನು ಅತ್ತುಬಿಟ್ಟೆ. ಮೊಮ್ಮಗಳು, ಜಂಕ್ಷನ್ನು, ಬಾಗಿಲು ಎಂದು ಮೂರು ಮಾತು ಹೇಳಿದೆನೋ ಇಲ್ಲವೋ, ಅವಳು ನನ್ನ ತೋಳು ಹಿಡಿದು ಸ್ಟೇಷನ್ನಿನ ಕೋಣೆಗೆ ಎಳೆದುಕೊಂಡು ಹೋದಳು. ಅವರು ಜಂಕ್ಷನ್ನಿಗೆ ಫೋನು ಮಾಡಿದರು. ಮಗು ಅಲ್ಲೇ ಇದೆ, ಜೊತೆಗೆ ಕಾವಲಿನವರಿದ್ದಾರೆ ಎಂದು ಉತ್ತರ ಬಂತು. ಆ ಪುಣ್ಯಾತ್ಗಿತ್ತಿ ಕೆಲಸ ಬಿಟ್ಟು ಸರಿಯಾದ ಟ್ರೈನಿಗೆ ನನ್ನನ್ನು ಹತ್ತಿಸಿ, ಎಷ್ಟನೆಯ ಸ್ಟೇಷನ್ನು ಎಂದು ಬೆರಳು ಮಡಚಿ ಎಣಿಸಿ ತೋರಿಸಿದಳು.

ಬುಗುರಿ ನಾನು ಬಿಟ್ಟ ಜಾಗದಲ್ಲೇ ನಿಂತಿದ್ದಳು ಇವಳೇ. ಅದೇ ಹಳದಿ ಗೆರೆಯ ಹಿಂದೆ, ಅದೇ ಕಲ್ಲಿನ ಮೇಲೆ. ಪಕ್ಕದಲ್ಲಿ ಸಮವಸ್ತ್ರ ಹಾಕಿದ ಕಾವಲಿನ ಹೆಂಗಸು ಕೈ ಕಟ್ಟಿಕೊಂಡು ನಿಂತಿದ್ದರು. "ಕೋಣೆಗೆ ಬಾ, ಕೂತ್ಕೋ ಅಂದ್ರೆ ಕೇಳ್ಲೇ ಇಲ್ಲ ಸ್ವಾಮಿ. ನಮ್ಮಜ್ಜ ಕಂಡಕ್ಟರು, ಯಾರನ್ನೂ ಬಿಟ್ಟು ಹೋಗಲ್ಲ, ಇಲ್ಲಿಗೇ ಬರ್ತಾರೆ ಅಂತ ಒಂದೇ ಹಟ. ಅದಕ್ಕೇ ನಾನೂ ಇಲ್ಲೇ ನಿಂತೆ" ಎಂದರು. ಇಪ್ಪತ್ತೆಂಟು ನಿಮಿಷ. ಒಂದು ತುತ್ತು ಉಣ್ಣುವಷ್ಟು ಹೊತ್ತೂ ಒಂದೇ ಕಡೆ ಕೂರದ ಮಗು. ಆ ಹೆಂಗಸು ಮಗುವಿನ ಕೊರಳ ಗುರುತಿನ ಚೀಟಿ ನೋಡಿ ಮಗಳಿಗೆ ಆಗಲೇ ಫೋನು ಮಾಡಿದ್ದರು. ಆಮೇಲೆ ಒಂದು ದಪ್ಪ ಪುಸ್ತಕ ತಂದು, ಹೇಗಾಯಿತು ಎಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ "ರಶ್ಶಲ್ಲಿ ಕೈ ತಪ್ಪಿತು, ಅಲ್ವಾ?" ಎಂದು ಅವರೇ ಬರೆದುಕೊಂಡರು. ನಾನು ಕೆಳಗೆ ಸಹಿ ಹಾಕಿದೆ.

ಮಗಳು ಲ್ಯಾಬಿನ ಬಿಳಿ ಕೋಟಿನಲ್ಲೇ ಟ್ಯಾಕ್ಸಿ ಹಿಡಿದು ಓಡಿಬಂದಳು. ಬೈಯುತ್ತಾಳೆ ಎಂದು ಕಾದಿದ್ದೆ. ಬೈದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. "ಹೋಗ್ಲಿ ಬಿಡಿ ಅಪ್ಪಾ, ಅಷ್ಟು ಜನದಲ್ಲಿ ನೀವು ತಾನೆ ಏನ್ಮಾಡೋಕಾಗುತ್ತೆ" ಎಂದು ನನ್ನ ಬೆನ್ನು ಸವರಿದಳು. ಅವಳ ಸಿಟ್ಟೆಲ್ಲ ಈಗ ಟ್ರೈನಿನವರ ಮೇಲೆ ತಿರುಗಿದೆ. ಮುದುಕರು ಮಕ್ಕಳು ಹತ್ತುವ ಮೊದಲೇ ಬಾಗಿಲು ಮುಚ್ಚಿದರು, ಪ್ಲಾಟ್‌ಫಾರ್ಮಿನಲ್ಲಿ ನಿಂತವರು ನೋಡಿಕೊಳ್ಳಲಿಲ್ಲ ಎಂದು ಎರಡು ಪುಟದ ದೂರು ಸಿದ್ಧಮಾಡಿದ್ದಾಳೆ. ಅದರಲ್ಲಿ ಆ ಕಾವಲಿನ ಹೆಂಗಸಿನ ಪಾಳಿಯ ಹೊತ್ತನ್ನೂ ಬರೆದಿದ್ದಾಳೆ. ಇವತ್ತು ಸಂಜೆ ನಾನು ಸಹಿ ಹಾಕಬೇಕಂತೆ, ನಾಳೆ ಕಳಿಸುತ್ತಾಳಂತೆ. ಒಂದು ದೂರು ಏನು ಮಾಡುತ್ತದೆ ಎಂದು ನಮ್ಮಿಬ್ಬರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಯಾರೋ ಒಬ್ಬ ಬಸ್ಸು ತಪ್ಪಿಸಿಕೊಂಡ ಸಿಟ್ಟಿಗೆ ಕಂಡಕ್ಟರು ತಳ್ಳಿದ ಎಂದು ಬರೆದುಕೊಟ್ಟಾಗ ನಾನು ಇಪ್ಪತ್ತು ದಿನ ಸಸ್ಪೆಂಡ್ ಆಗಿ ಮನೆಯಲ್ಲಿ ಕೂತಿದ್ದೆ. ಪಕ್ಕದ ಮನೆಯವರಿಗೆ "ರಜ ಹಾಕಿದ್ದಾರೆ" ಎಂದು ನೀನು ನಗುನಗುತ್ತಾ ಹೇಳಿ, ಒಳಗೆ ಬಂದು ಸೆರಗು ಕಣ್ಣಿಗೊತ್ತಿಕೊಂಡಿದ್ದನ್ನು ನಾನು ನೋಡಿದ್ದೇನೆ.

ಅದಕ್ಕೇ ನಿನ್ನನ್ನು ಕೇಳೋಣವೆಂದು ಬರೆಯಲು ಕೂತೆ. ಸಹಿ ಹಾಕಲೇ, ಬೇಡವೇ? ಕಾಗದ ನಿನಗೆ ಮುಟ್ಟುವ ಹೊತ್ತಿಗೆ ಸಂಜೆ ಎಂದೋ ಕಳೆದಿರುತ್ತದೆ. ಗೊತ್ತಿದ್ದೂ ಕೇಳುತ್ತಿದ್ದೇನೆ. ಇಷ್ಟು ವರ್ಷ ಯಾವುದಕ್ಕೂ ನಿನ್ನನ್ನು ಕೇಳದೆ ಕಾಲು ಹೊರಗಿಟ್ಟವನಲ್ಲ, ಅದೊಂದು ಚಾಳಿ. ನಿನ್ನ ಅಕ್ಕನಿಗೆ ನನ್ನ ನಮಸ್ಕಾರ ಹೇಳು, ಟಿವಿ ನೋಡಬೇಡಿ ಎಂದು ನಾನು ಹೇಳಿದೆ ಎನ್ನು. ನೀನು ಹೇಳಿದರೆ ಜಗಳವಾಗುತ್ತದೆ. ಮಗಳು, ಅಳಿಯ ಚೆನ್ನಾಗಿದ್ದಾರೆ. ಬುಗುರಿ ನಿನಗೆ ಮುತ್ತು ಕಳಿಸಿದ್ದಾಳೆ. ನೀನು ಬೇಗ ಬಂದರೆ ಈ ಮನೆಗೂ ಒಳ್ಳೆಯದು, ನನಗೂ.

ಇಂತು,
ನಿನ್ನ "ರೀ"

ವಿ. ಸೂ.: ಕಾಗದ ಮಡಿಸಿ ಅಂಟಿಸಿದ್ದೆ, ಮತ್ತೆ ಬಿಚ್ಚಿದ್ದೇನೆ. ಈಗ ಸಂಜೆ ಏಳೂವರೆ. ಅವಸರದಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಕ್ಷಮಿಸು. ಕೈ ತಪ್ಪಲಿಲ್ಲ ಇವಳೇ. ನಾನೇ ಬಿಟ್ಟೆ. ಬಾಗಿಲು ತೆರೆದಾಗ ಎದುರಿಗೇ ಒಂದು ಸೀಟು ಖಾಲಿಯಿತ್ತು. ಬೇರೆ ಯಾರೋ ಕೂರುವ ಮೊದಲು ಹಿಡಿಯಬೇಕೆಂದು ಅವಳ ಕೈ ಕೊಡವಿ ಓಡಿದೆ. ಕೂತೆ ಕೂಡ. ಕೂತ ಮೇಲೆ ಅವಳ ನೆನಪಾಯಿತು. ನಿನ್ನೆ ಮಗು ನನ್ನ ಹತ್ತಿರ ಬಂದು ಮೆಲ್ಲಗೆ, "ಅಜ್ಜ, ನೀವು ಸೀಟಿಗೆ ಓಡಿದ್ದು ಅಮ್ಮಂಗೆ ಹೇಳಿಲ್ಲ. ಹೇಳ್ಲಾ?" ಎಂದು ಕೇಳಿತು. ನಾನು "ಬೇಡ" ಎಂದೆ. ಎಂಟು ವರ್ಷದ ಮಗುವಿಗೆ ನಾನು ಕಲಿಸಿದ್ದು ಇದು. ಈಗ ಮಗಳು ಸಹಿಗೆ ಕಾಗದ ಮುಂದಿಟ್ಟಾಗ ಪೆನ್ನು ಕೆಳಗಿಟ್ಟು ಎಲ್ಲ ಹೇಳಿಬಿಟ್ಟೆ. ಅವಳು ದೂರಿನ ಹಾಳೆಗಳನ್ನು ಹರಿದಳು. "ಇನ್ನು ನೀವು ಅವಳನ್ನ ಒಬ್ಬರೇ ಕರ್ಕೊಂಡು ಹೋಗ್ಬೇಡಿ ಅಪ್ಪಾ" ಎಂದಳು. ಸರಿ ಎಂದೆ. ನಾಳೆ ದಾರಿ ಕೇಳಿಕೊಂಡಾದರೂ ಆ ಸ್ಟೇಷನ್ನಿಗೆ ಹೋಗಿ, ಆ ಪುಸ್ತಕದಲ್ಲಿ ನಿಜ ಬರೆಸಿ ಬರುತ್ತೇನೆ. ಮಗಳು ಬುಗುರಿಯ ಕಡೆ ತಿರುಗಿ "ನಿಂಗೂ ಗೊತ್ತಿತ್ತಾ?" ಎಂದಾಗ ಅವಳು ನನ್ನ ಮುಂದೆ ಬಂದು ಅಡ್ಡ ನಿಂತು, "ಅಜ್ಜಂಗೆ ಕಾಲು ನೋಯ್ತಿತ್ತಮ್ಮಾ, ಅದಕ್ಕೆ" ಎಂದಳು. ಅವತ್ತು ನನಗೆ ಕಾಲು ನೋಯುತ್ತಿರಲಿಲ್ಲ.