ಹನ್ನೊಂದನೇ ಕಲಮು ಬರೆದವರಿಗೆ

ಅರಸೀಕೆರೆ, ಮೇಲಟ್ಟ,
ಮರುಚೈತ್ರದ ಮೂವತ್ತಾರನೇ ದಿನ, ಇಸವಿ ೨೧೯೮

ಪತ್ರಬರಹಗಾರರಾದ ಶ್ರೀ ಅಡವೀಶಯ್ಯನವರಿಗೆ,

ತಾರೀಖು ನೋಡಿ ನಗಬೇಡಿ. ಚೈತ್ರಕ್ಕೆ ಮೂವತ್ತೇ ದಿನ ಎಂದು ನನಗೂ ಗೊತ್ತು. ನಮ್ಮಲ್ಲಿ ಚೈತ್ರ ಮುಗಿದ ಮೇಲೆ ಇನ್ನೊಂದು ಚೈತ್ರ ಬರುತ್ತದೆ, ನಲವತ್ತು ದಿನದ್ದು. ಬಿಸಿಲಿಗೆ ಅರ್ಧ ಕೆಲಸ ನಿಂತುಹೋಗುವ ಆ ದಿನಗಳನ್ನು ಯಾವ ತಿಂಗಳಿಗೂ ಸೇರಿಸುವುದು ಬೇಡ ಎಂದು ನಮ್ಮ ಮುತ್ತಜ್ಜಂದಿರು ಬೇರೆ ತೆಗೆದಿಟ್ಟು ಮರುಚೈತ್ರ ಎಂದು ಹೆಸರಿಟ್ಟರು. ನನ್ನ ಕನ್ನಡವೂ ನಿಮಗೆ ಅಲ್ಲಲ್ಲಿ ವಿಚಿತ್ರವಾಗಿ ಕೇಳಿಸಬಹುದು. ನಿಮ್ಮ ಕಾಲದ ಭಾಷೆಯನ್ನು ನಾನು ಕಲಿತದ್ದು ನಿಮ್ಮಂಥವರು ಬರೆದ ದಸ್ತಾವೇಜುಗಳಿಂದ. ಹಾಗಾಗಿ ಮಧ್ಯೆ ಮಧ್ಯೆ ಸದರಿ, ಯಾನೆ ಎಂದೆಲ್ಲ ನುಸುಳಿದರೆ ಮನ್ನಿಸಿ. ಮನ್ನಿಸದಿದ್ದರೂ ನನಗೇನೂ ನಷ್ಟವಿಲ್ಲ.

ಈ ಪತ್ರ ಹಿನ್ನಂಚೆಯಲ್ಲಿ ಬರುತ್ತಿದೆ. ಹಿಂದಿನ ಕಾಲದವರಿಗೆ ಬರೆಯುವ ಅಂಚೆ ಅದು. ಒಬ್ಬರಿಗೆ ಜೀವಮಾನದಲ್ಲಿ ಒಂದೇ ಸಲ ಅವಕಾಶ. ಜನ ಅದನ್ನು ತೀರಿಹೋದ ತಾಯಿಗೆ, ಚಿಕ್ಕ ವಯಸ್ಸಿನಲ್ಲಿದ್ದಾಗಿನ ಗಂಡನಿಗೆ, ನೋಡದೇ ಇರುವ ಅಜ್ಜಿಗೆ ಬರೆಯಲು ಕಾದಿಟ್ಟುಕೊಳ್ಳುತ್ತಾರೆ. ನಾನು ಅದನ್ನು ನಿಮ್ಮ ಮೇಲೆ ಖರ್ಚು ಮಾಡುತ್ತಿದ್ದೇನೆ, ಯಾವುದೋ ಸಬ್ ರಿಜಿಸ್ಟ್ರಾರ್ ಆಫೀಸಿನ ಎದುರು ಮೇಜು ಹಾಕಿಕೊಂಡು ಕೂತಿರುವ, ನಾನು ಮುಖ ಕೂಡ ನೋಡದ ಒಬ್ಬ ಮನುಷ್ಯನ ಮೇಲೆ. ಅಂಚೆಕಟ್ಟೆಯ ಹುಡುಗಿ ವಿಳಾಸ ಓದಿ, ಇವರು ನಿಮಗೆ ಏನಾಗಬೇಕು ಎಂದು ಕೇಳಿದಳು. ಏನೂ ಆಗಬೇಕಾಗಿಲ್ಲ, ಬರಕೋ ಎಂದು ಗದರಿದೆ. ಪಾಪ, ಅವಳದೇನು ತಪ್ಪು.

ನನ್ನ ಹೆಸರು ಕೆಂಚಾಂಬ, ವಯಸ್ಸು ಐವತ್ತೆಂಟು. ಕಸುಬು ನಕಲುಗಾರಿಕೆ. ನೀವು ಕಂಪ್ಯೂಟರುಗಳಲ್ಲಿ ಜೋಪಾನ ಮಾಡಿಟ್ಟದ್ದೆಲ್ಲ ಒಂದೇ ಬೇಸಿಗೆಯಲ್ಲಿ ಅಳಿಸಿಹೋಯಿತು, ಉಳಿದದ್ದು ಕಾಗದ ಮಾತ್ರ. ಅಂದಿನಿಂದ ನಮ್ಮ ಊರಿನ ನಕಲುಮನೆಯಲ್ಲಿ ಹಳೆಯ ಕಾಗದಗಳನ್ನು ಕೈಯಿಂದ ಬರೆದುಳಿಸುತ್ತೇವೆ. ಯಾರಿಗಾದರೂ ಬಾಡಿಗೆ ಕರಾರು ಬೇಕಾದರೆ ಹೊಸದಾಗಿ ಯೋಚಿಸಿ ಬರೆಯುವ ಪದ್ಧತಿಯೇ ಇಲ್ಲ. ಮಾದರಿ ಪತ್ರ ತೆಗೆದು, ಹೆಸರು ಬದಲಾಯಿಸಿ, ಮಿಕ್ಕದ್ದನ್ನು ಇದ್ದ ಹಾಗೆ ಇಳಿಸಿಕೊಡುವುದು. ಕೆಲಸಕ್ಕೆ ಸೇರಿದ ಮೊದಲ ದಿನವೇ ಕಲಿಸುವ ಪಾಠ ಒಂದಿದೆ: ಹಾಳೆಯ ಮುಖ ಬರಿ, ಬೆನ್ನು ಬಿಡು. ನಿಮ್ಮ ಕಾಲದ ಛಾಪಾ ಕಾಗದದ ಬೆನ್ನಲ್ಲಿ ಅದನ್ನು ಮಾರಿದವನ ಮೊಹರು ಬಿಟ್ಟು ಇನ್ನೇನೂ ಇರುವುದಿಲ್ಲವಂತೆ. ಸುಮ್ಮನೆ ಶಾಯಿ ದಂಡ.

ನೀವು ಬರೆದ ಕರಾರಿನ ಕೆಳಗೆ ನಾವೆಲ್ಲ ಸಂಸಾರ ಮಾಡುತ್ತಿದ್ದೇವೆ ಎಂದರೆ ನೀವು ನಂಬಲಿಕ್ಕಿಲ್ಲ. ಗೋಡೆಗೆ ಮೊಳೆ ಹೊಡೆಯತಕ್ಕದ್ದಲ್ಲ ಎಂದು ನಾಲ್ಕನೇ ಕಲಮು ಹೇಳುತ್ತದೆ. ನಮ್ಮ ಗೋಡೆಗಳು ತೆಂಗಿನ ನಾರು, ಸುಣ್ಣ ಕಲಸಿ ತಟ್ಟಿದವು, ಮೊಳೆ ಹೊಡೆದರೆ ಗೋಡೆಯೇ ಕೈಗೆ ಬರುತ್ತದೆ. ದ್ವಿಚಕ್ರ ವಾಹನವನ್ನು ಕಾಂಪೌಂಡಿನ ಹೊರಗೆ ನಿಲ್ಲಿಸತಕ್ಕದ್ದು ಎಂದು ಏಳನೇ ಕಲಮು. ದ್ವಿಚಕ್ರ ವಾಹನ ಹೇಗಿತ್ತೆಂದು ಕಂಡವರಿಲ್ಲ, ಕಾಂಪೌಂಡೂ ಇಲ್ಲ. ಊರಿಗೆ ಊರೇ ಒಂದು ಚಪ್ಪರಬಲೆಯ ಕೆಳಗಿದೆ. ಬಿಸಿಲು ಸೋಸಿ ಇಳಿಯಲಿ ಎಂದು ಮನೆಗಳ ಮೇಲೆಲ್ಲ ಹರಡಿದ ದಟ್ಟ ಬಲೆ ಅದು. ಉಳ್ಳವರು ನೆಲದ ಕೆಳಗೆ ತಂಪುಮಾಳಿಗೆಯಲ್ಲಿ ಇರುತ್ತಾರೆ, ಬಾಡಿಗೆಯವರು ಮೇಲಟ್ಟದಲ್ಲಿ, ಬಲೆಗೆ ತಲೆ ತಾಗುವಷ್ಟು ಎತ್ತರದಲ್ಲಿ. ಬೆಳಗಿನ ಕೆಲಸ ಮುಗಿಸಿ ಹತ್ತು ಗಂಟೆಗೆ ಕಿಟಕಿ ಮುಚ್ಚಿದರೆ ಮತ್ತೆ ತೆರೆಯುವುದು ಐದಕ್ಕೆ. ಅಲ್ಲಿಯವರೆಗೆ ಒದ್ದೆ ಬಟ್ಟೆ ಹೊದ್ದು ಮಲಗಿರುತ್ತೇವೆ. ನನಗೆ ಎರಡು ಕೋಣೆ. ಅಮ್ಮ ಹೋದ ಮೇಲೆ ಒಂದು ಖಾಲಿಯೇ ಇತ್ತು, ಅವಳ ರಾಗಿಕಲ್ಲು ಬಿಟ್ಟರೆ ಬೇರೇನೂ ಇಲ್ಲ.

ಆ ಕೋಣೆಯನ್ನು ನಾನು ಗುಲಾಬಿಗೆ ಕೊಡಬೇಕೆಂದಿದ್ದೆ. ಗುಲಾಬಿ ಕುಂದಾಪುರದ ಕಡೆಯವಳು. ಆ ಕಡೆಯೆಲ್ಲ ಈಗ ಸಮುದ್ರದ ಕೆಳಗಿದೆ. ಮೂರು ತಲೆಮಾರು ಮೀನುಬಲೆ ನೇಯ್ದ ಮನೆತನ, ಇವಳು ಇಲ್ಲಿಗೆ ಬಂದು ಚಪ್ಪರಬಲೆ ಹೊಲಿಯುವ ಕೆಲಸ ಹಿಡಿದಳು. ನನ್ನ ಕಿಟಕಿಯ ಮೇಲೆ ಬಲೆ ಹರಿದು ಬಿಸಿಲು ನೇರ ಹಾಸಿಗೆಗೆ ಬೀಳುತ್ತಿತ್ತು, ಎರಡು ವರ್ಷದಿಂದ ದೂರು ಕೊಟ್ಟೂ ಕೊಟ್ಟೂ ಸಾಕಾಗಿತ್ತು. ಇವಳು ಒಂದು ಬೆಳಗ್ಗೆ ಬಂದು, ಯಾರ ಅಪ್ಪಣೆಯನ್ನೂ ಕೇಳದೆ, ತುಟಿಯಲ್ಲಿ ದಾರ ಕಚ್ಚಿಕೊಂಡು ಹೊಲಿದು ಹೋದಳು. ಮುಗಿದ ಮೇಲೆ ಒಂದು ಲೋಟ ಮಜ್ಜಿಗೆ ಕುಡಿದು, ಈ ಊರಿನವರಿಗೆ ಗಂಟು ಹಾಕಲಿಕ್ಕೇ ಬರುವುದಿಲ್ಲ ಎಂದು ಬೈದಳು. ಅವಳಿಗೂ ಹೆಚ್ಚುಕಡಿಮೆ ನನ್ನದೇ ವಯಸ್ಸು, ಎದೆಯಲ್ಲಿ ಸದಾ ಕೆಮ್ಮು. ಆಮೇಲೆ ದಿನಾ ಬರುವುದು, ರಾಗಿಕಲ್ಲಿನ ಪಕ್ಕ ಕೂತು ಹರಟುವುದು, ನನ್ನ ಸಾರಿಗೆ ಹುಳಿ ಸಾಲದು ಎನ್ನುವುದು ಎಲ್ಲ ಶುರುವಾಯಿತು. ಅಮ್ಮ ಹೋದ ಮೇಲೆ ನನ್ನ ಅಡಿಗೆಗೆ ಹೆಸರಿಟ್ಟವರು ಇವಳೊಬ್ಬಳೇ. ನನಗೆ ಹಿತವಾಗುತ್ತಿತ್ತು.

ಹೊರಗಿನಿಂದ ಬಂದವರು ನಮ್ಮಲ್ಲಿ ನೆಲೆಚೀಟಿ ಮಾಡಿಸಬೇಕು. ನೆಲೆಚೀಟಿ ಎಂದರೆ, ಈಕೆ ಇಂಥ ಸೂರಿನ ಕೆಳಗೆ ಇಂಥವರ ಒಪ್ಪಿಗೆಯಿಂದ ಇದ್ದಾಳೆ ಎಂಬ ಬರಹ. ಮರುಚೈತ್ರದ ಇಪ್ಪತ್ತನೇ ಬೆಳಗಿನೊಳಗೆ ಅದಿಲ್ಲದವರನ್ನು ಸಾಗುಬಂಡಿಯಲ್ಲಿ ಹತ್ತಿಸಿ ಮೂಡಣ ಬಯಲಿಗೆ ಕಳಿಸುತ್ತಾರೆ. ಅಲ್ಲಿ ಬಲೆಯಿಲ್ಲ. ಒಮ್ಮೆ ಸಾಗಿದವರ ಹೆಸರು ಏಳು ವರ್ಷ ನಮ್ಮ ಊರಿನ ಪುಸ್ತಕಕ್ಕೆ ಬರುವಂತಿಲ್ಲ. ಗುಲಾಬಿ ರೈಲುನಿಲ್ದಾಣದಲ್ಲಿ, ನೆಲೆಚೀಟಿ ಇಲ್ಲದವರ ಸಾಲಿನಲ್ಲಿ ಚಾಪೆ ಹಾಸಿಕೊಂಡಿದ್ದಳು. ಅವಳ ಕೆಮ್ಮಿಗೆ ಏಳು ವರ್ಷದ ಬಯಲು ದೂರದ ಮಾತು, ಏಳು ತಿಂಗಳು ತಡೆಯುವುದೂ ಅನುಮಾನ ಎಂದು ನೋಡಿದವರಿಗೆಲ್ಲ ಗೊತ್ತಿತ್ತು.

ಮಾಲೀಕರು ಮರುಳಸಿದ್ದಪ್ಪ. ಕೋಣೆಯನ್ನು ಗುಲಾಬಿಗೆ ಒಳಬಾಡಿಗೆಗೆ ಕೊಡುತ್ತೇನೆ, ನೆಲೆಚೀಟಿಗೆ ಒಂದು ಒಪ್ಪಿಗೆ ಬರೆದುಕೊಡಿ ಎಂದು ಇಳಿದು ಹೋಗಿ ಕೇಳಿದೆ. ಅವರು ಕರಾರು ತೆಗೆದು ಹನ್ನೊಂದನೇ ಕಲಮಿನ ಮೇಲೆ ಬೆರಳಿಟ್ಟರು. ಎರಡನೇ ಪಾರ್ಟಿಯವರು ಸದರಿ ಸ್ವತ್ತನ್ನಾಗಲಿ ಅದರ ಯಾವುದೇ ಭಾಗವನ್ನಾಗಲಿ ಯಾರಿಗೂ ಒಳಬಾಡಿಗೆಗೆ ಕೊಡತಕ್ಕದ್ದಲ್ಲ. ಇಲ್ಲಿ ಎರಡನೇ ಪಾರ್ಟಿ, ಅಂದರೆ ಬಾಡಿಗೆಯವಳು, ನಾನು. ಯಾಕೆ ಕೊಡಬಾರದು ಎಂದೆ. ಕರಾರಿನಲ್ಲಿದೆಯಲ್ಲಮ್ಮ ಎಂದರು. ಯಾಕೆ ಇದೆ ಎಂದೆ. ಅಪ್ಪನ ಕಾಲದಿಂದ ಇದೆ ಎಂದರು. ಮೊಳೆಯ ಕಲಮೂ ಇದೆಯಲ್ಲ, ಅದಕ್ಕೇನು ಅರ್ಥ ಎಂದು ಕೇಳಿದರೆ, ಅದಕ್ಕೇ ನೋಡಿ ನೀವೂ ಮೊಳೆ ಹೊಡೆದಿಲ್ಲ ಎಂದರು. ಇಂಥ ಮನುಷ್ಯನ ಹತ್ತಿರ ಏನು ವಾದ ಮಾಡುವುದು? ಮೈಯೆಲ್ಲ ಉರಿದುಹೋಯಿತು.

ಕೆಟ್ಟವರಲ್ಲ ಅವರು, ನನಗೆ ಬೇಜಾರು ಅದೇ. ಮೆಟ್ಟಿಲವರೆಗೆ ಹಿಂದೆಯೇ ಬಂದು, ತಂಗಿ ಅಂತ ಬರೆಸಿಬಿಡಿ ಕೆಂಚಾಂಬಮ್ಮ, ಸಂಬಂಧಿಕರಿಗೆ ಒಪ್ಪಿಗೆಯೇ ಬೇಡ, ನಾನೇನು ಬಂದು ನೋಡುತ್ತೇನಾ ಎಂದು ಮೆಲ್ಲಗೆ ಹೇಳಿದರು. ಒಂದು ಸುಳ್ಳಿನಲ್ಲಿ ಎಲ್ಲ ಮುಗಿದುಹೋಗುತ್ತಿತ್ತು. ಆದರೆ ಮೂವತ್ತೆಂಟು ವರ್ಷ ಒಂದು ಅಕ್ಷರ ಆಚೀಚೆ ಮಾಡದೆ ಬರೆದ ಕೈ ಇದು, ನಾನು ಸುಳ್ಳು ಬರೆಯಲೇ? ನ್ಯಾಯವಾಗಿ ಸಿಗಬೇಕಾದದ್ದನ್ನು ಕಳ್ಳತನದಲ್ಲಿ ಯಾಕೆ ತೆಗೆದುಕೊಳ್ಳಲಿ? ಹೀಗೆಲ್ಲ ಗುಲಾಬಿಗೆ ದೊಡ್ಡದಾಗಿ ಭಾಷಣ ಮಾಡಿದೆ. ಅವಳು ಬೀಸುತ್ತಿದ್ದ ಕಲ್ಲು ನಿಲ್ಲಿಸಿ, ನಂಗ್ ಒಂದ್ ಮೂಲಿ ಸಾಕಿತ್ತ್ ಅಕ್ಕ, ನ್ಯಾಯ ಎಂತಕ್ಕೆ ಎಂದಳು. ಸುಮ್ಮನಿರು, ನಿನಗೆ ಗೊತ್ತಾಗಲ್ಲ ಎಂದೆ.

ವಾಸಪೀಠಕ್ಕೆ ದೂರು ಕೊಟ್ಟೆ. ಬಾಡಿಗೆಯ ತಕರಾರು ಕೇಳಲು ಇರುವ ಮೂವರ ಪೀಠ ಅದು. ಅಲ್ಲಿನ ಹಿರಿಯಮ್ಮ ತಾಳ್ಮೆಯಿಂದ ಕೇಳಿ, ಈ ಕಲಮಿನ ಮೂಲ ಪತ್ರ ತನ್ನಿ, ಮೂಲದಲ್ಲಿ ಏನಿದೆಯೋ ಅದೇ ಊರ್ಜಿತ ಎಂದರು. ನನಗೆ ಖುಷಿಯೋ ಖುಷಿ. ಕಾಗದ ಹುಡುಕುವುದು ನನ್ನ ಕಸುಬು. ದಿನಾ ನಕಲುಮನೆಯ ಹಳೆ ಕೋಣೆಯಲ್ಲಿ ಕೂತು ನಕಲಿನ ನಕಲು, ಅದರ ಹಿಂದಿನ ನಕಲು ಎಂದು ತೆಗೆಯುತ್ತ ಹೋದೆ. ಧೂಳಿನಲ್ಲಿ ಕೂತಷ್ಟು ಹೊತ್ತೂ ಆ ಕಲಮನ್ನು ಮೊದಲು ಬರೆದವನ ಕೈ ಸೇದಿಹೋಗಲಿ ಎಂದು ಶಪಿಸಿದ್ದೇನೆ. ಆಗ ನಿಮ್ಮ ಹೆಸರು ಗೊತ್ತಿರಲಿಲ್ಲ. ಗೊತ್ತಿದ್ದರೆ ಹೆಸರು ಹಿಡಿದೇ ಶಪಿಸುತ್ತಿದ್ದೆ.

ಮರುಚೈತ್ರದ ಹದಿನೆಂಟನೇ ದಿನ ನೀವು ಸಿಕ್ಕಿದಿರಿ. ಛಾಪಾ ಕಾಗದದ ಒಂದೇ ಹಾಳೆ, ಇಸವಿ ೨೦೩೧. ಮುಖದ ಮೇಲೆ ಹನ್ನೊಂದು ಕಲಮುಗಳೂ ಇದ್ದವು. ಕೆಳಗೆ ಒಂದು ಗೆರೆಗೂ ಜಾಗ ಇರಲಿಲ್ಲ, ಮೂಲೆಯಲ್ಲಿ ಪುಟ್ಟದಾಗಿ ಬಾಣದ ಗುರುತು ಮಾತ್ರ. ಹಾಳೆ ತಿರುಗಿಸಿದೆ. ಮಾರಿದವನ ಮೊಹರಿನ ಪಕ್ಕದಲ್ಲಿ ಪೆನ್ನಿನಿಂದ ಎರಡು ಸಾಲು: ಆದಾಗ್ಯೂ, ನೆಲೆಯಿಲ್ಲದೆ ಬಂದವರು ಯಾರಾದರೂ ಇದ್ದಲ್ಲಿ, ಎರಡನೇ ಪಾರ್ಟಿಯವರು ಒಂದು ಕೋಣೆಯನ್ನು ಅವರಿಗೆ ಒಳಬಾಡಿಗೆಗೆ ಬಿಟ್ಟುಕೊಡಬಹುದು. ಇದಕ್ಕೆ ಒಂದನೇ ಪಾರ್ಟಿಯವರ ತಕರಾರು ಇರುವುದಿಲ್ಲ. ಕೆಳಗೆ ಇಬ್ಬರ ಸಹಿ, ಬರೆದವರು ಅಡವೀಶಯ್ಯ. ಆ ಬಾಡಿಗೆದಾರ ಹಟ ಹಿಡಿದಿರಬೇಕು, ಮಾಲೀಕ ಕೊನೇ ಗಳಿಗೆಯಲ್ಲಿ ಹೂಂ ಅಂದಿರಬೇಕು, ಇನ್ನೊಂದು ಹಾಳೆ ಯಾಕೆ ದಂಡ ಎಂದು ನೀವು ಬೆನ್ನಿಗೆ ಬರೆದಿರಬೇಕು.

ಆಮೇಲಿನ ನಕಲುಗಳನ್ನು ಮತ್ತೆ ಸಾಲಾಗಿ ಹರಡಿಕೊಂಡೆ. ನೂರಿಪ್ಪತ್ತೊಂಬತ್ತು ವರ್ಷ ನಕಲುಗಾರರು ಆ ಎರಡು ಸಾಲನ್ನು ಬಿಡದೆ ಬರೆದಿದ್ದರು, ಅದೂ ಬೆನ್ನಿಗೇ, ಬಾಣದ ಸಮೇತ. ೨೧೬೦ರ ನಕಲಿನಲ್ಲಿ ಇಲ್ಲ. ಆ ನಕಲಿನ ಅಕ್ಷರ ಮುತ್ತಿನ ಹಾಗಿದೆ ಎಂದು ಊರೆಲ್ಲ ಹೊಗಳಿ, ಅದನ್ನೇ ಮಾದರಿ ಪತ್ರ ಮಾಡಿದ್ದರು, ಮರುಳಸಿದ್ದಪ್ಪನವರ ಅಪ್ಪನಿಂದ ಹಿಡಿದು ಎಲ್ಲ ಮಾಲೀಕರೂ ಅದರಿಂದಲೇ ಬರೆಸಿಕೊಂಡರು. ಬರೆದವಳು ನಾನು. ಇಪ್ಪತ್ತು ವರ್ಷದ ಹುಡುಗಿ, ಕೆಲಸಕ್ಕೆ ಸೇರಿ ಹದಿನೈದು ದಿನವಾಗಿತ್ತು, ಹೇಳಿಕೊಟ್ಟ ಹಾಗೆ ಮುಖ ಬರೆದೆ, ಬೆನ್ನು ಬಿಟ್ಟೆ. ಬಾಣವನ್ನು ಶಾಯಿಯ ಕಲೆ ಎಂದುಕೊಂಡೆನೋ ಏನೋ, ನೆನಪಿಲ್ಲ.

ಈಗ ಹೇಳಬೇಕಾದದ್ದನ್ನು ಹೇಳಿಬಿಡುತ್ತೇನೆ. ಹತ್ತೊಂಬತ್ತನೇ ದಿನ ಪೀಠ ಕೂತಿತ್ತು. ನಾನು ಹೋಗಲಿಲ್ಲ. ಮೂಲ ಪತ್ರ ತೋರಿಸಿದರೆ ಸಾಲು ಬಿಟ್ಟ ಕೈ ಯಾರದೆಂದು ಕೇಳುತ್ತಾರೆ, ನಕಲುಗಾರ್ತಿಯ ಮುದ್ರೆ ಕಿತ್ತುಕೊಳ್ಳುತ್ತಾರೆ, ನಾಳೆಯಿಂದ ಮುಖ ಎತ್ತಿ ಓಡಾಡುವುದು ಹೇಗೆ? ಕಿಟಕಿ ಮುಚ್ಚಿ ಮಲಗಿದೆ. ಸಂಜೆ ಗುಲಾಬಿ ಬಂದಳು. ಸಿಕ್ಕಿತಾ ಅಕ್ಕ ಎಂದು ಕೇಳಿದಳು. ಇನ್ನೂ ಇಲ್ಲ ಎಂದೆ. ಸುಳ್ಳು ಬರೆಯಲಾರೆ ಎಂದು ಭಾಷಣ ಮಾಡಿದ ಬಾಯಿ ಇದೇ. ಅವಳು ನನ್ನ ಮುಖ ಒಂದು ಸಲ ನೋಡಿ, ಎಂತ ಮಾಡುದ್ ಎಂದು ಎದ್ದಳು, ಹೋಗುವಾಗ ಕಿಟಕಿಯ ಮೇಲಿನ ಬಲೆಯನ್ನು ಎಳೆದು ನೋಡಿ ಗಂಟು ಗಟ್ಟಿಯಿದೆ ಎಂದಳು.

ಇಪ್ಪತ್ತನೇ ಬೆಳಗ್ಗೆ ತಡೆಯಲಾರದೆ ಪೀಠದವರ ಮನೆಗೇ ಓಡಿದೆ. ಹಿರಿಯಮ್ಮ ಎರಡೂ ಮುಖ ಓದಿ ಅಲ್ಲೇ ಆಜ್ಞೆ ಬರೆದರು. ಒಳಬಾಡಿಗೆಗೆ ಕೊಡಬಹುದು. ನನ್ನ ತಪ್ಪು ಒಪ್ಪಿಕೊಂಡೆ. ಕಲಿಯುವ ವಯಸ್ಸಮ್ಮ, ಹೇಳಿಕೊಟ್ಟದ್ದನ್ನು ಮಾಡಿದ್ದೀಯ, ಇದಕ್ಕೆಲ್ಲ ಮುದ್ರೆ ಕಿತ್ತುಕೊಳ್ಳುತ್ತಾರಾ ಎಂದು ನಕ್ಕರು. ಆಜ್ಞೆ ಹಿಡಿದು ನಿಲ್ದಾಣಕ್ಕೆ ಹೋದರೆ ಸಾಲು ಗುಡಿಸಿ ನೀರು ಹಾಕಿದ್ದರು. ಬಂಡಿ ಬೆಳಕು ಹರಿಯುವ ಮೊದಲೇ ಹೊರಟಿತ್ತಂತೆ. ಮಾರನೇ ದಿನ ಮರುಳಸಿದ್ದಪ್ಪನವರು ತಾವೇ ಮೇಲಟ್ಟ ಹತ್ತಿ ಬಂದು, ಏದುಸಿರು ಬಿಡುತ್ತಾ, ಇನ್ನು ಧಾರಾಳವಾಗಿ ಕೊಡಿ, ನನ್ನದೇನೂ ತಕರಾರಿಲ್ಲ ಎಂದರು. ನಿಮ್ಮದೇ ಮಾತು, ಅಡವೀಶಯ್ಯನವರೇ. ನಾನು ಬಾಗಿಲು ಹಾಕಿಕೊಂಡೆ.

ನಿಮ್ಮನ್ನು ಶಪಿಸಿದ್ದನ್ನು ವಾಪಸು ತೆಗೆದುಕೊಂಡಿದ್ದೇನೆ. ನೀವು ಒಳ್ಳೆಯದನ್ನೇ ಬರೆದಿರಿ. ಎಲ್ಲಿ ಬರೆದಿರಿ ಎಂಬುದೊಂದೇ ನನ್ನ ತಕರಾರು. ಹಿನ್ನಂಚೆಯಿಂದ ಹಿಂದಿನದು ಬದಲಾದದ್ದನ್ನು ಕಂಡವರು ಯಾರೂ ಇಲ್ಲ, ಬದಲಾದರೆ ನಮಗೆ ಗೊತ್ತಾಗುವುದಾದರೂ ಹೇಗೆ? ಆದರೂ ಕೇಳುತ್ತೇನೆ. ಆ ಇಬ್ಬರು ನಿಮ್ಮ ಮೇಜಿನ ಮುಂದೆ ಕೂತು ಜಗಳವಾಡಿ ಕೊನೆಗೆ ಒಪ್ಪಿದಾಗ, ಪೆನ್ನು ಎತ್ತುವ ಮುಂಚೆ ಒಂದು ನಿಮಿಷ ತಡೆಯಿರಿ. ಮೊಳೆಯ ಕಲಮು ಹೊಡೆದುಹಾಕಿ, ವಾಹನದ ಕಲಮು ಹೊಡೆದುಹಾಕಿ, ಅಕ್ಷರ ಚಿಕ್ಕದು ಮಾಡಿ, ಏನಾದರೂ ಮಾಡಿ. ಆ ಎರಡು ಸಾಲು ಮುಖದ ಮೇಲೇ ಇರಲಿ. ಯಾಕೆಂದರೆ ನೂರಿಪ್ಪತ್ತೊಂಬತ್ತು ವರ್ಷದ ನಂತರ ಅಕ್ಷರ ಚಂದವಿರುವ ಒಬ್ಬ ಹುಡುಗಿ ಬರುತ್ತಾಳೆ, ಅವಳು ಹಾಳೆ ತಿರುಗಿಸುವುದಿಲ್ಲ.

ಈ ಪತ್ರದ ಎಲ್ಲ ಹಾಳೆಗಳನ್ನೂ ಒಂದೇ ಮುಖಕ್ಕೆ ಬರೆದಿದ್ದೇನೆ. ತಿರುಗಿಸಿ ನೋಡಿ, ಹಿಂದೆ ಏನೂ ಇಲ್ಲ.

ಇಂತಿ,
ಕೆಂಚಾಂಬ,
ಎರಡನೇ ಪಾರ್ಟಿ