ಬೆಂಚುಸೊಸೆಯ ಬಳೆ ಅಳತೆ

ಗಂಗೊಳ್ಳಿ, ಫೆಬ್ರವರಿ ಮೂವತ್ತು, 2391

ಕಡ್ಡಾಯ ಶಾಲೆಯನ್ನು ತಂದ ಹಿರಿಯರಿಗೆ ನಮಸ್ಕಾರಗಳು. ತಾರೀಕು ನೋಡಿ ಗಾಬರಿಯಾಗಬೇಡಿ. ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ನಾನು ಓದಿದ್ದು ಇಂಗ್ಲಿಷ್ ಮೀಡಿಯಮ್ಮಿನಲ್ಲಿ, ಮದುವೆಯಾಗಿ ತಿಂಗಳೂ ತುಂಬಿಲ್ಲ. ಮಾತು ಎಲ್ಲೆಲ್ಲೋ ಹಾರಿದರೆ, ಪದಗಳು ವಿಚಿತ್ರವೆನಿಸಿದರೆ ಕ್ಷಮಿಸಿ.

ನನ್ನ ಗಂಡ ಇಂದುಧರ ಎಷ್ಟು ಒಳ್ಳೆಯವನೆಂದರೆ, ಪ್ರತಿ ಸಂಜೆ ತನ್ನ ಮೂರೇ ಬೆರಳಿನ ಎಡಗೈಯಿಂದ ನನ್ನ ಅಂಗೈಗೆ ಕೊಬ್ಬರಿ ಎಣ್ಣೆ ಹಚ್ಚುತ್ತಾನೆ. ಮೇಷ್ಟರ ಬೆತ್ತದ ಬಾಸುಂಡೆ ಉರಿಯುತ್ತದಲ್ಲ, ಅದಕ್ಕೆ. ನಾನು ಬೆಂಚುಸೊಸೆ. ಪ್ರತಿ ಮಗುವೂ ಶಾಲೆಗೆ ಬರಬೇಕೆಂದು ನೀವು ಬರೆದಿರಿ. ನಮ್ಮ ಕಾಲಕ್ಕೆ ಆ ಮಾತು ಸವೆದು, ಮನೆಗೊಬ್ಬರು ಬೆಂಚಿನಲ್ಲಿ ಕೂತರೆ ಸಾಕೆಂದಾಗಿದೆ. ಹಾಗಾಗಿ ದುಡಿಯುವ ಮಗುವಿನ ಬದಲು ಸೊಸೆಯನ್ನು ತಂದು ಕೂರಿಸುತ್ತಾರೆ. ಒಂದನೇ ಕ್ಲಾಸಿನಲ್ಲಿ ನಾವೆಲ್ಲ ಸೀರೆಯುಟ್ಟವರೇ. ಮಂಡಿ ಮಡಚಿ ಕೂತು ಅ, ಆ ತಿದ್ದುತ್ತೇವೆ, ಊಟಕ್ಕೆ ತಟ್ಟೆ ಹಿಡಿದು ಸಾಲು ನಿಲ್ಲುತ್ತೇವೆ. ನಗು ತಡೆಯಲಾಗುವುದಿಲ್ಲ, ನಕ್ಕರೆ ಬೆತ್ತ.

ನಾನು ಕೂತಿರುವುದು ಏಳು ವರ್ಷದ ನಾದಿನಿ ಚಿಗುರಿಯ ಜಾಗದಲ್ಲಿ. ಅವಳು ಸಿಹಿಗಾಣಕ್ಕೆ ಹೋಗುತ್ತಾಳೆ. ಅದು ಕಡಲ ನೀರನ್ನು ಕುಡಿಯುವ ನೀರಾಗಿಸುವ ಯಂತ್ರ. ಅದರ ಸಪೂರ ಕೊಳವೆಗಳಲ್ಲಿ ಗಟ್ಟಿಯಾದ ಉಪ್ಪನ್ನು ಕೆರೆಯಲು ಮಕ್ಕಳ ಕೈಯೇ ಆಗಬೇಕು. ಇಂದುಧರನ ಎರಡು ಬೆರಳು ಅಲ್ಲಿಯೇ ಹೋದವು. ಮನೆಗೆ ಬಂದವಳೇ ಚಿಗುರಿ ನನಗೆ ಒತ್ತಿ ಕೂರುತ್ತಾಳೆ. "ಅತ್ಗೀ, ಇವತ್ ಎಂತ ಕಲ್ಸಿದ್ರ್?" ನಿನ್ನೆ ಸ್ಲೇಟು ಕೊಟ್ಟೆ. ಬೆರಳ ತುದಿಯಲ್ಲಿ ಚರ್ಮವೇ ಇಲ್ಲ, ಬಳಪ ನಿಲ್ಲಲಿಲ್ಲ.

ಅವಳು ಶಾಲೆಗೆ ಹೋಗಲಿ, ಗಾಣಕ್ಕೆ ನಾನು ಹೋಗುತ್ತೇನೆ ಎಂದು ಅತ್ತೆಗೆ ಹೇಳಿದೆ. ಅವರಿಗೆ ನಗು ಬಂತು.

"ನಿನ್ ಕೈ ಕೊಳವೆ ಒಳ್ಗ್ ಹೋತ್ತಾ ಹೆಣ್ಣೇ? ಚಿಗುರಿ ಕೈ ಇನ್ನೈದಾರ್ ವರ್ಷಕ್ಕ್ ಸಾಕ್. ಆಮೇಲ್ ನಿನ್ ಮಕ್ಳದ್ದ್. ಬಳಿ ಅಳತಿ ಕಂಡೇ ನಿನ್ನ ತಂದದ್ದ್."

ಹೆಣ್ಣು ನೋಡಲು ಬಂದ ದಿನ ಅವರು ನನ್ನ ಓದನ್ನು ಕೇಳಿರಲಿಲ್ಲ. ತಂದಿದ್ದ ಅತಿ ಸಣ್ಣ ಬಳೆಗಳನ್ನು ತಾವೇ ನನ್ನ ಕೈಗೆ ಏರಿಸಿ, ಸಲೀಸಾಗಿ ಹೋದವೆಂದು ಹಣೆಗೆ ಮುತ್ತಿಟ್ಟಿದ್ದರು. ಇಂಥ ಅತ್ತೆ ಯಾರಿಗುಂಟು ಎಂದು ಗೆಳತಿಯರಿಗೆಲ್ಲ ಹೇಳಿಕೊಂಡು ತಿರುಗಿದ್ದೆ.

ಈ ಸಂಜೆಯೂ ಇಂದುಧರ ಎಣ್ಣೆ ತಂದ. ಅಂಗೈ ಕೊಟ್ಟೆ. ಚಿಗುರಿ ನೋಡುತ್ತಿದ್ದಳು.

ಹಿರಿಯರೇ, ಹೊಸ ಮದುಮಗಳು ನಿಮ್ಮ ಕಾಲಿಗೆರಗುತ್ತಿದ್ದೇನೆ. ಮಕ್ಕಳಾಗಲಿ ಎಂದಷ್ಟೇ ಹರಸಬೇಡಿ. ಹುಟ್ಟುವಾಗಲೇ ಅವುಗಳ ಕೈ ದೊಡ್ಡದಿರಲಿ ಎಂದು ಹರಸಿ.